ಪಾನತ್ಯಾಗವೂ ಮನೋನಿಗ್ರಹದ ಶಿಕ್ಷಣವೂ



ಇಳಕಲ್ಲಿನ ಶ್ರೀ ಮಹಾಂತ ಸ್ವಾಮಿಗಳವರು 1975ರಲ್ಲಿ ಜೋಳಿಗೆಯನ್ನು ಹಿಡಿದು, ಕಾಣಿಕೆಗೆ ಬದಲಾಗಿ ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದುದನ್ನು ನೀವೆಲ್ಲರೂ ಬಲ್ಲಿರಿ. ಆದರೆ ಜೋಳಿಗೆಗೆ ಮದ್ಯವನ್ನು ಹಾಕಿದವನು ಮನೆಗೆ ಮರಳುವಾಗ, ಅವನನ್ನು ಕುಡಿತಕ್ಕೆ ನೂಕಿದ ಕೋಪ, ದುಃಖ, ಸಾಲದ ಚಿಂತೆಗಳು ಅವನ ಸಂಗಡವೇ ಮರಳುವುವಲ್ಲವೇ? ಇವುಗಳಿಗೆ ಅವನು ಅದುವರೆಗೆ ಅರಿತ ಮದ್ದು ಮದ್ಯವೊಂದೇ. ಅದನ್ನು ಕಸಿದುಕೊಂಡ ಬಳಿಕ ಬೇರೊಂದನ್ನು ಕಲಿಸಿಕೊಡುವುದು ನಮ್ಮ ಹೊಣೆಯಾಗಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ಟರು 1985ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಗ್ರಂಥದಲ್ಲಿ, ಮದ್ಯವನ್ನು ಬಿಟ್ಟವರು ಮರಳಿ ಬೀಳುವುದಕ್ಕೆ ಮನದ ಬೇಗುದಿ, ಜನರೊಡನೆ ಕಲಹ, ಗೆಳೆಯರ ಒತ್ತಾಯ ಎಂಬ ಮೂರು ಮುಖ್ಯ ಕಾರಣಗಳನ್ನು ತೋರಿಸಿರುವರು.

ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಸೆಳವು, ಸನ್ನಿಗಳು ತೋರಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರ ಆರೈಕೆ ಅಗತ್ಯ. ಶರೀರವು ತಿಳಿಯಾದ ಮೇಲೆ ಮನಸ್ಸಿನ ಪಾಠವು ಆರಂಭವಾಗತಕ್ಕದ್ದು.

ಮೊದಲನೆಯ ಪಾಠವು ಭಾವವನ್ನು ಗುರುತಿಸುವುದು. “ಕುಡಿಯಬೇಕೆನಿಸುತ್ತಿದೆ” ಎನ್ನುವವನು ಒಂದು ಗಳಿಗೆ ನಿಂತು, ತನಗಾಗಿರುವುದು ಹಸಿವೋ ಸಿಟ್ಟೋ ಒಂಟಿತನವೋ ದಣಿವೋ ಎಂದು ಕೇಳಿಕೊಳ್ಳಲಿ. ಹಸಿವಿಗೆ ಅನ್ನವುಂಟು, ದಣಿವಿಗೆ ನಿದ್ರೆಯುಂಟು, ಒಂಟಿತನಕ್ಕೆ ಶರಣರ ಸಂಗವುಂಟು. ಸಿಟ್ಟು ಬಂದಾಗ ಆ ಸ್ಥಳವನ್ನು ಬಿಟ್ಟು, ತಣಿದ ಮೇಲೆ ಬಂದು ಮಾತನಾಡಬಹುದು.

ಎರಡನೆಯದು ಕಾಯುವುದು. ಕುಡಿತದ ತುಡಿತವು ಹಳ್ಳಕ್ಕೆ ಬಂದ ನೆರೆಯಂತೆ ಏರಿ, ತುಂಬಿ, ತಾನಾಗಿಯೇ ಇಳಿಯುವುದು. ನೆರೆಗೆ ಇದಿರಾಗಿ ಈಸದೆ ದಡದಲ್ಲಿ ಕುಳಿತು ಉಸಿರನ್ನು ನೋಡುತ್ತಿದ್ದರೆ, ಬಹಳ ಸಲ ಅರ್ಧ ಗಂಟೆಯೊಳಗಾಗಿ ಅದರ ಬಿರುಸು ಇಳಿಯುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿಯನ್ನು ನಿಲ್ಲಿಸುವ ಸಾಧನೆಯುಳ್ಳ ನಮಗೆ ಇದು ತೀರ ಹೊಸದಲ್ಲ. ಆದರೆ ನೆರೆ ಬಂದ ದಿನವೇ ಈಜನ್ನು ಕಲಿಯಲಾಗದು. ಮನಸ್ಸು ಶಾಂತವಾಗಿರುವಾಗಲೇ ದಿನವೂ ಅಭ್ಯಾಸ ನಡೆಯಬೇಕು.

ಕೊನೆಯ ಮಾತು ನಮಗೇ ಸಂಬಂಧಪಟ್ಟುದು. ಗುರುವಿನ ಇದಿರಿಗೆ ವಚನವಿತ್ತವನು ಒಂದು ದಿನ ಎಡವಿದರೆ, “ನೇಮ ಕೆಟ್ಟಿತು, ಇನ್ನು ಎಷ್ಟು ಕುಡಿದರೇನು?” ಎಂದು ನಾಚಿ, ಮಠದ ಬಾಗಿಲನ್ನೇ ತಪ್ಪಿಸಿ ತಿರುಗುವನು. ಒಂದು ಲೋಟವು ಮಾಡದ ಕೇಡನ್ನು ಈ ನಾಚಿಕೆಯು ಮಾಡುವುದು. ನಾವು ಆತನನ್ನು ಕಂಡು ಮುಖ ತಿರುವಿದರೆ ಆತನನ್ನು ಗಡಂಗಿಗೆ ಕಳುಹಿಸಿದವರು ನಾವೇ ಆಗುವೆವು. ಎಡವಿದುದೆಲ್ಲಿ, ಆಗ ಮನದಲ್ಲೇನಿತ್ತು ಎಂದು ಮೆಲ್ಲನೆ ಕೇಳಿ, ಪಂಕ್ತಿಯಲ್ಲಿ ಆತನಿಗೂ ಎಡೆ ಹಾಕೋಣ.

ಈ ಮಹೋತ್ಸವದ ನೆನಪಿಗಾಗಿ ನಮ್ಮ ಊರೂರುಗಳಲ್ಲಿ ವಾರಕ್ಕೊಂದು ಸಂಜೆ ಇಂಥವರು ಕೂಡಿ ಮಾತನಾಡುವ ಏರ್ಪಾಡಾದರೆ, ಅದೂ ಒಂದು ದಾಸೋಹವೇ ಆದೀತು.