ಹೈಸ್ಕೂಲಿನ ಪಾಠಕ್ರಮವೂ ಮಕ್ಕಳ ಮುಂದಿನ ದಾರಿಯೂ



ಮಠದ ಮಹೋತ್ಸವದ ಈ ಶುಭಸಮಯದಲ್ಲಿ ಶಿಕ್ಷಣದ ಮಾತನ್ನೆತ್ತುವದು ಉಚಿತವೇ ಆಗಿರುವದು. ಕನ್ನಡ ನಾಡಿನ ಮಠಗಳು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿವೆ. ಊರಲ್ಲಿ ಹೈಸ್ಕೂಲಿಲ್ಲದ ಎಷ್ಟೋ ರೈತರ ಮಕ್ಕಳು ಮಠಗಳ ಪ್ರಸಾದನಿಲಯಗಳಲ್ಲಿದ್ದು ಓದಿ ಮುಂದೆ ಬಂದ ಸಂಗತಿಯು ಸರ್ವರಿಗೂ ವಿದಿತವಿದೆ. ಆದರೆ ಮಗುವನ್ನು ಶಾಲೆಯ ಬಾಗಿಲವರೆಗೆ ತಂದು ಬಿಟ್ಟ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಹೊರಬಿದ್ದ ಮಗು ಎತ್ತ ಹೋಗಬೇಕು, ಹೋದಲ್ಲಿ ನಿಲ್ಲಬಲ್ಲದೇ ಎಂಬುದೇ ಇಂದು ವಿಚಾರಿಸತಕ್ಕ ಪ್ರಶ್ನೆ.

ಪ್ರಶ್ನೆಯೇನೂ ಹೊಸದಲ್ಲ. 1882ರ ಹಂಟರ್ ಆಯೋಗವು, ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಎರಡು ದಾರಿಗಳಿರಬೇಕು, ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ, ಇನ್ನೊಂದು ವ್ಯಾಪಾರಾದಿ ಉದ್ಯೋಗಗಳಿಗೆ ಎಂದು ಸೂಚಿಸಿತು. ಸ್ವಾತಂತ್ರ್ಯಾನಂತರ 1952-53ರ ಮೊದಲಿಯಾರ್ ಆಯೋಗವು ಬಹೂದ್ದೇಶ ಶಾಲೆಗಳನ್ನು ಬಯಸಿತು. 1964-66ರ ಕೊಠಾರಿ ಆಯೋಗವು ಪ್ರತಿಯೊಂದು ಮಗುವಿಗೂ ಕಾರ್ಯಾನುಭವವಿರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ನೆಯ ತರಗತಿಯಿಂದಲೇ ಉದ್ಯೋಗದ ಪರಿಚಯವಾಗಬೇಕೆಂದು ಹೇಳಿತು. ಹೀಗೆ ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕಾದುದೇ ಅದು ಮನೆ ಮನೆಗೆ ಮುಟ್ಟಲಿಲ್ಲವೆಂಬುದಕ್ಕೆ ಸಾಕ್ಷಿ.

ಏಕೆ ಮುಟ್ಟಲಿಲ್ಲ? ಎರಡನೆಯ ದಾರಿಯು ದಡ್ಡರ ದಾರಿಯೆಂದು ಜನರು ತಿಳಿದರು; ಅದರಲ್ಲಿ ಕಾಲಿಟ್ಟವನಿಗೆ ಕಾಲೇಜಿನ ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುವದೆಂದು ಅಂಜಿದರು. ಈ ಅಂಜಿಕೆ ನಿರಾಧಾರವಾದುದಲ್ಲ. ತಲೆತಲಾಂತರದಿಂದ ಅಕ್ಷರವನ್ನು ಕಾಣದ ಮನೆಯ ಹಿರಿಯರು, “ನೇಗಿಲು ಹಿಡಿಯುವದನ್ನು ಮನೆಯಲ್ಲೇ ಕಲಿಸುವೆವು, ಶಾಲೆ ಅದನ್ನೇ ಕಲಿಸುವದಾದರೆ ಶಾಲೆ ಏತಕ್ಕೆ?” ಎಂದು ಕೇಳಿದರೆ ಅವರಿಗೆ ಉತ್ತರ ಕೊಡಬೇಕಾಗುವದು. ಕೈಗೆಲಸದ ಹೆಸರಿನಲ್ಲಿ ಬಡವರ ಮಕ್ಕಳನ್ನು ಕಾಲೇಜಿನಿಂದ ದೂರವಿಡುವ ಪಾಠಕ್ರಮವು ಎಷ್ಟು ಚೆಂದದ ಮಾತುಗಳಿಂದ ಕೂಡಿದ್ದರೂ ಅದು ಅನ್ಯಾಯವೇ ಸರಿ.

1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ ಮೊದಲು ಕೈಯಿಟ್ಟದ್ದು ಶಾಲೆಗೇ. 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ ಕಾಲೇಜು ಆಮೇಲೆ ಬಂದವು. ಬುಡ ಗಟ್ಟಿಯಾಗದೆ ಕೊಂಬೆ ಚಿಗುರಲಾರದೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಆದುದರಿಂದ ಕಾಲೇಜಿನ ಚಿಂತೆಯನ್ನು ಹೈಸ್ಕೂಲಿನಲ್ಲಿಯೇ ಆರಂಭಿಸತಕ್ಕದ್ದು.

ಈಗಿನ ಸ್ಥಿತಿಯನ್ನು ನೋಡೋಣಾಗಲಿ. 2010ರಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರುಷದ ಮಕ್ಕಳಿಗೆ ಉಚಿತ ಶಿಕ್ಷಣದ ಭರವಸೆಯನ್ನಿತ್ತಿದೆ. ಆದರೆ ದಾರಿ ಕವಲೊಡೆಯುವದು ಹತ್ತನೆಯ ತರಗತಿಯಾದ ಮೇಲೆ, 15-16ರ ವಯಸ್ಸಿನಲ್ಲಿ. ಕಾಯಿದೆಯು ಕೈಬಿಟ್ಟ ಸ್ಥಳದಲ್ಲಿಯೇ ಮಗುವಿಗೆ ಆಸರೆ ಹೆಚ್ಚು ಬೇಕಾಗಿರುವದು. ಹೆಣ್ಣುಮಗಳ ಓದು ನಿಲ್ಲುವ ಭಯವೂ ಅಲ್ಲಿಯೇ.

ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಿಂದ ಓದಿ, ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಒಳ್ಳೆಯ ಪಾಲನ್ನು ಪಡೆದ ಒಬ್ಬ ಹುಡುಗಿಯನ್ನು ಭಾವಿಸಿರಿ. ದ್ಯುತಿಸಂಶ್ಲೇಷಣೆ ಎಂದರೇನು, ವೇಗೋತ್ಕರ್ಷವೆಂದರೇನು ಎಂಬುದನ್ನು ಅವಳು ಅರ್ಥಸಹಿತ ಬಲ್ಲಳು. ಪಿ.ಯು. ಕಾಲೇಜಿನ ವಿಜ್ಞಾನ ತರಗತಿಯಲ್ಲಿ ಅದೇ ವಿಷಯವು ‘ಫೋಟೋಸಿಂಥೆಸಿಸ್’ ಎಂದೂ ‘ಆಕ್ಸಿಲರೇಶನ್’ ಎಂದೂ ಕಿವಿಗೆ ಬೀಳುವದು. ಬಲ್ಲ ವಿಷಯವೇ ಬೇರೆ ವೇಷದಲ್ಲಿ ಬಂದುದನ್ನು ಅರಿಯದೆ, “ನನಗೇನೂ ಬಾರದು” ಎಂದು ಅವಳು ಕುಗ್ಗುವಳು. ಕುಂದಿರುವದು ಅವಳ ಬುದ್ಧಿಯಲ್ಲಲ್ಲ, ಎರಡು ದಡಗಳ ನಡುವೆ ಸೇತುವೆಯಿಲ್ಲದಿರುವದರಲ್ಲಿ. ಪೂರ್ವಪ್ರಾಥಮಿಕದಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಮಗುವಿನ ನಡಿಗೆಯ ದೂರವನ್ನು ಕಡಮೆ ಮಾಡಿವೆ. ಮಾತಿನ ದೂರವನ್ನು ಕಡಮೆ ಮಾಡುವದು ಪಾಠಕ್ರಮದ ಕೆಲಸ.

ಇದಕ್ಕೆ ಕನ್ನಡವನ್ನು ಬಿಡಬೇಕಾಗಿಲ್ಲ. ತಿಳಿವಳಿಕೆಯು ತಾಯ್ನುಡಿಯಲ್ಲಿಯೇ ಬೇರೂರಲಿ. ಎಂಟನೆಯ ತರಗತಿಯಿಂದ ಪ್ರತಿಯೊಂದು ಶಾಸ್ತ್ರೀಯ ಶಬ್ದದ ಪಕ್ಕದಲ್ಲಿ ಅದರ ಇಂಗ್ಲಿಷ್ ಶಬ್ದವನ್ನೂ ಕಲಿಸಿದರೆ ಮೂರು ವರುಷಗಳಲ್ಲಿ ಸೇತುವೆ ತಾನಾಗಿಯೇ ಕಟ್ಟಿ ಮುಗಿಯುವದು.

ಎರಡನೆಯದಾಗಿ, ಕೈಗೆಲಸವು ಎಲ್ಲರಿಗೂ ಇರಲಿ, ಹಿಂದುಳಿದವರಿಗೆ ಮಾತ್ರವಲ್ಲ. ನಾಲ್ವತ್ತು ಗುಂಟೆಗೆ ಒಂದು ಎಕರೆಯೆಂದು ಬಾಯಿಪಾಠ ಮಾಡಿದವನು ಹೊಲಕ್ಕಿಳಿದು ಅಳೆಯಲಿ. ಬಡ್ಡಿಯ ಲೆಕ್ಕ ಕಲಿತವಳು ಸಹಕಾರಿ ಸಂಘದ ಸಾಲದ ಪತ್ರವನ್ನು ಓದಿ ನೋಡಲಿ. ವಿದ್ಯುತ್ತಿನ ಪಾಠ ಕೇಳಿದವರು ನೀರೆತ್ತುವ ಪಂಪನ್ನು ಬಿಚ್ಚಿ ನೋಡಲಿ. ಇಂಥ ಅಭ್ಯಾಸದಿಂದ ಕಾಲೇಜಿಗೆ ಹೋಗುವವನ ಬುದ್ಧಿ ಹರಿತವಾಗುವದು, ಹೋಗದವನ ಕೈ ಬರಿದಾಗದು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಸಮಾಜದಲ್ಲಿ ಇದು ಹೊಸ ಬೋಧೆಯಾಗಬಾರದು.

ಮೂರನೆಯದಾಗಿ, ದಾರಿಗಳ ಅರಿವು ಮಗುವಿಗೂ ಪಾಲಕರಿಗೂ ಇರಬೇಕು. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರಿದವನು ಮೂರು ವರುಷಗಳ ಡಿಪ್ಲೊಮಾ ಮುಗಿಸಿ, ಪ್ರವೇಶ ಪರೀಕ್ಷೆಯಲ್ಲಿ ಗೆದ್ದು, ಇಂಜಿನಿಯರಿಂಗ ಕಾಲೇಜಿನ ಎರಡನೆಯ ವರುಷಕ್ಕೆ ನೇರವಾಗಿ ಸೇರಬಹುದು. ಪಿ.ಯು. ಮುಗಿಸಿ ಇಂಜಿನಿಯರಿಂಗ ಸೇರಬಯಸುವವರ ಪೈಕಿ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ನಿಯಮಾನುಸಾರ ಮೀಸಲು ಸ್ಥಾನಗಳುಂಟು. ಬಾಗಿಲು ತೆರೆದಿದ್ದರೂ ಇದೆಯೆಂದು ಅರಿಯದವನಿಗೆ ಅದು ಗೋಡೆಯೇ.

ಪಾಠಕ್ರಮವನ್ನು ರಚಿಸುವ ಅಧಿಕಾರವು ಸರಕಾರದ್ದು, ನಿಜ. ಆದರೂ ಭಕ್ತಾದಿಗಳ ಕೈಲಾಗುವ ಕಾರ್ಯ ಸಣ್ಣದಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ಬೇಸಗೆಯ ದಿನಗಳು ವ್ಯರ್ಥವಾಗಿ ಹೋಗುತ್ತವೆ. ಆ ದಿನಗಳಲ್ಲಿ ಪ್ರಸಾದನಿಲಯಗಳ ಬಾಗಿಲನ್ನು ತೆರೆದಿಟ್ಟು, ಅಲ್ಲಿಯೇ ಓದಿ ಈಗ ಶಿಕ್ಷಕರೂ ಇಂಜಿನಿಯರರೂ ವೈದ್ಯರೂ ಆಗಿರುವವರು ಒಂದೊಂದು ವಾರ ಬಂದು ಕಲಿಸಿದರೆ, ಉಂಡ ಅನ್ನದ ಋಣವು ತೀರುವದು, ಮುಂದಿನ ಮಗುವಿನ ಎದೆಯಲ್ಲಿ ಧೈರ್ಯ ಮೂಡುವದು. ಮಹೋತ್ಸವದ ತೋರಣವು ನಾಲ್ಕು ದಿನಕ್ಕೆ ಬಾಡುವದು. ಹಳ್ಳಿಯ ಒಂದು ಹೆಣ್ಣುಮಗು ಕಾಲೇಜಿನ ಮೊದಲನೆಯ ದಿನ ತಲೆಯೆತ್ತಿ ಕುಳಿತುಕೊಂಡರೆ ಆ ಶೋಭೆಯು ತಲೆಮಾರುಗಳವರೆಗೆ ಬಾಳುವದು. ಆ ಕಾರ್ಯಕ್ಕೆ ಶ್ರೀಗಳವರ ಆಶೀರ್ವಾದವೂ ಸದ್ಭಕ್ತರ ಸಹಾಯವೂ ದೊರೆಯಲಿ.