ಅಂಕಿ ಬದಲಾದರೆ ತಿರುಳು ಬದಲಾಗುತ್ತದೆಯೇ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಕಲಿಸುವ ನನಗೆ ಕಂಪ್ಯೂಟರಿನ ವಿಷಯ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಹೇಳಿಬಿಡುತ್ತೇನೆ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ದಾನಿಗಳು ಕೊಟ್ಟ ಹನ್ನೆರಡು ಹಳೆಯ ಕಂಪ್ಯೂಟರುಗಳಿವೆ. ಅವುಗಳಲ್ಲಿ ಲಿನಕ್ಸ್ ಇದೆ. ರಿಪೇರಿಗೆ ಬಂದ ಒಬ್ಬರು, "ಲಿನಕ್ಸಿನ ಹೊಸ ದೊಡ್ಡ ಆವೃತ್ತಿ ಬಂದಾಗಿದೆ, ಇವು ಇನ್ನು ನಡೆಯುವುದಿಲ್ಲ, ಗುಜರಿಗೆ ಹಾಕಿ" ಎಂದು ಹೇಳಿ ಹೋದರು. ನಾವೂ ಹೆಚ್ಚು ಯೋಚಿಸದೆ ತೂಕದ ಲೆಕ್ಕದಲ್ಲಿ ಮಾರಲು ಸಿದ್ಧರಾದೆವು. ಆಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಟೀಚರ್, 5 ಹೋಗಿ 6 ಬಂದರೆ ಒಳಗೆ ಏನು ಬದಲಾಗುತ್ತದೆ?" ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಇಂದಿನ ನನ್ನ ಮಾತು ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು 'ಕರ್ನಲ್' ಎಂದರೇನು ನೋಡೋಣ. ಕನ್ನಡದಲ್ಲಿ ತಿರುಳು ಎನ್ನಬಹುದು. ಉರ್ದುವಿನಲ್ಲಿ ಇನ್ನೂ ಚೆನ್ನಾದ ಪದವಿದೆ, ಮಗ್ಜ್. ಬಾದಾಮಿಯ ಒಳಗಿನ ತಿರುಳಿಗೂ ಮಗ್ಜ್ ಎನ್ನುತ್ತೇವೆ, ಮನುಷ್ಯನ ಮೆದುಳಿಗೂ ಮಗ್ಜ್ ಎನ್ನುತ್ತೇವೆ. ಕಂಪ್ಯೂಟರಿನ ಕರ್ನಲ್ ಎರಡೂ ಹೌದು. ಪರದೆಯ ಮೇಲೆ ನಾವು ಕಾಣುವುದು ಸಿಪ್ಪೆ ಮಾತ್ರ. ಒಳಗೆ ಕುಳಿತ ಕರ್ನಲ್ ಒಳ್ಳೆಯ ಮುಖ್ಯೋಪಾಧ್ಯಾಯರಂತೆ ಕೆಲಸ ಮಾಡುತ್ತದೆ. ಯಾವ ಪ್ರೋಗ್ರಾಮಿಗೆ ಯಾವಾಗ ಎಷ್ಟು ಸಮಯ ಎಂಬ ವೇಳಾಪಟ್ಟಿ ಹಾಕುತ್ತದೆ. ಯಾರಿಗೆ ಎಷ್ಟು ಮೆಮೊರಿ ಎಂದು ಕೊಠಡಿ ಹಂಚುತ್ತದೆ. ಡಿಸ್ಕ್, ಕೀಲಿಮಣೆ, ನೆಟ್‌ವರ್ಕ್ ಎಲ್ಲದರ ಬೀಗದ ಕೈ ಅದರ ಬಳಿಯೇ ಇರುತ್ತದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಇದೇ ಲಿನಕ್ಸ್ ಕರ್ನಲ್.

ಇದನ್ನು ಆರಂಭಿಸಿದವರು ಯಾವುದೋ ದೊಡ್ಡ ಕಂಪನಿಯವರಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ಇಂಟೆಲ್ 386 ಪ್ರೊಸೆಸರಿನ ತಮ್ಮ ಕಂಪ್ಯೂಟರಿನಲ್ಲಿ ಬರೆಯತೊಡಗಿದರು. 1994ರ ಮಾರ್ಚಿನಲ್ಲಿ 1.0 ಆವೃತ್ತಿ ಬಂತು.

ಈಗ ಅಂಕಿಗಳ ಕಥೆಗೆ ಬನ್ನಿ. ಅಂಕಿ ಬದಲಾದಾಗ ಒಳಗೆ ನಿಜವಾಗಿಯೂ ಬಹಳಷ್ಟು ಬದಲಾಗುತ್ತಿದ್ದ ಕಾಲವೊಂದಿತ್ತು. ಆಗ ನಡುವಿನ ಅಂಕಿ ಸಮಸಂಖ್ಯೆಯಾದರೆ ಅದು ಎಲ್ಲರ ಬಳಕೆಗೆ, ಬೆಸಸಂಖ್ಯೆಯಾದರೆ ಪ್ರಯೋಗಕ್ಕೆ. 2.4 ಬಂದದ್ದು 2001ರ ಜನವರಿಯಲ್ಲಿ. ಆಮೇಲೆ 2.5 ಎಂಬ ಹೆಸರಿನಲ್ಲಿ ಎರಡು ವರ್ಷ ಪ್ರಯೋಗ ನಡೆಯಿತು. 2003ರ ಡಿಸೆಂಬರ್ 17ರಂದು 2.6 ಹೊರಬಂತು. ಬದಲಾವಣೆ ನೋಡಿ. ಹಳೆಯದರಲ್ಲಿ, ಮುಂದಿನ ಸರದಿ ಯಾರದು ಎಂದು ತಿಳಿಯಲು ಕಾದು ನಿಂತ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ನೋಡಬೇಕಿತ್ತು. ಸಾಲು ಉದ್ದವಾದಷ್ಟೂ ತಡ. 2.6ರಲ್ಲಿ ಸಾಲು ಎಷ್ಟೇ ಉದ್ದವಿರಲಿ, ಆಯ್ಕೆಗೆ ಹಿಡಿಯುವ ಸಮಯ ಒಂದೇ ಆಯಿತು. ಕರ್ನಲ್ ತನ್ನದೇ ಕೆಲಸದಲ್ಲಿದ್ದಾಗಲೂ ಅದನ್ನು ನಡುವೆ ನಿಲ್ಲಿಸಿ ತುರ್ತಿನ ಕೆಲಸಕ್ಕೆ ದಾರಿ ಬಿಡುವ ಅನುಕೂಲ ಬಂತು.  ಇದಕ್ಕೆ ದೊಡ್ಡ ಆವೃತ್ತಿ ಎಂಬ ಹೆಸರು ಸಲ್ಲುತ್ತದೆ.

ಆದರೆ ಇಷ್ಟು ದೀರ್ಘ ಕಾಲ ಕಾಯುವುದರಲ್ಲಿ ತೊಂದರೆಯೂ ಇತ್ತು. ಸಿದ್ಧವಾದ ಸುಧಾರಣೆ ಜನರ ಕೈ ಸೇರಲು ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ 2.6ರ ನಂತರ ಸಮ-ಬೆಸದ ಪದ್ಧತಿಯನ್ನೇ ಕೈಬಿಟ್ಟರು. ಈಗ ಸುಮಾರು ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಸಿದ್ಧವಾದದ್ದು ಸೇರುತ್ತದೆ, ಸಿದ್ಧವಾಗದ್ದು ಮುಂದಿನ ಬಾರಿಗೆ ಉಳಿಯುತ್ತದೆ.

ಹಾಗಾದರೆ 3, 4, 5, 6 ಎಂಬ ದೊಡ್ಡ ಅಂಕಿಗಳು? ಮಿತ್ರರೇ, ನನಗೆ ಅತ್ಯಂತ ಆಶ್ಚರ್ಯ ತಂದದ್ದು ಇದೇ. 2.6.39 ಆದ ಮೇಲೆ 2011ರ ಜುಲೈಯಲ್ಲಿ 3.0 ಬಂತು. ಅದರಲ್ಲಿ ವಿಶೇಷವಾದ ದೊಡ್ಡ ಬದಲಾವಣೆ ಏನೂ ಇಲ್ಲವೆಂದು ಟೊರ್ವಾಲ್ಡ್ಸ್ ಅವರೇ ಹೇಳಿದರು. 3.19ರ ನಂತರ 2015ರಲ್ಲಿ 4.0, 4.20ರ ನಂತರ 2019ರಲ್ಲಿ 5.0, 5.19ರ ನಂತರ 2022ರಲ್ಲಿ 6.0 ಬಂದವು. ಚುಕ್ಕಿಯ ನಂತರದ ಅಂಕಿ ಇಪ್ಪತ್ತರ ಹತ್ತಿರ ಬಂದಾಗ ಮುಂದಿನ ಅಂಕಿ ಹಾಕುತ್ತಾರೆ, ಅಷ್ಟೇ. ಎಣಿಸಲು ಕೈಕಾಲಿನ ಬೆರಳುಗಳು ಮುಗಿದವು ಎಂದು ಅವರು ತಮಾಷೆ ಮಾಡಿದ್ದೂ ಉಂಟು. ಮೂವತ್ತು ಹಾಳೆ ತುಂಬಿದ ಹಾಜರಿ ಪುಸ್ತಕ ಬಿಟ್ಟು ಹೊಸ ಪುಸ್ತಕ ತೆಗೆದಂತೆ. ಮಕ್ಕಳು ಅವರೇ, ಶಾಲೆಯೂ ಅದೇ.

ನಿಜವಾದ ಬದಲಾವಣೆಗಳು ಸದ್ದಿಲ್ಲದೆ ನಡುವಿನ ಆವೃತ್ತಿಗಳಲ್ಲಿ ಬಂದಿವೆ. ಆಗಲೇ ಹೇಳಿದ ವೇಳಾಪಟ್ಟಿಯ ವಿಧಾನವನ್ನೇ ತೆಗೆದುಕೊಳ್ಳಿ. 2007ರಲ್ಲಿ 2.6.23ರಲ್ಲಿ ಅದನ್ನು ತೆಗೆದು ಬೇರೆಯದನ್ನು ಹಾಕಿದರು. 2023ರಲ್ಲಿ 6.6ರಲ್ಲಿ ಅದನ್ನೂ ಬದಲಿಸಿದರು. ಮೊದಲಿನಿಂದ ಸಿ ಭಾಷೆಯಲ್ಲೇ ನಡೆದು ಬಂದ ಕರ್ನಲ್‌ಗೆ ರಸ್ಟ್ ಎಂಬ ಹೊಸ ಭಾಷೆ ಪ್ರವೇಶಿಸಿದ್ದು 2022ರ ಡಿಸೆಂಬರಿನ 6.1ರಲ್ಲಿ. ಲಿನಕ್ಸ್ ಹುಟ್ಟಿದ ಆ 386 ಪ್ರೊಸೆಸರಿಗೆ ಬೀಳ್ಕೊಡುಗೆ ಕೊಟ್ಟದ್ದು 2013ರ 3.8ರಲ್ಲಿ. ಇವುಗಳಲ್ಲಿ ಒಂದೂ ದೊಡ್ಡ ಅಂಕಿಯ ದಿನ ಆದದ್ದಲ್ಲ.

ಇಷ್ಟೆಲ್ಲ ಬದಲಾಗುವಾಗ ಬದಲಾಗದ ಒಂದು ನಿಯಮವಿದೆ. ನಿನ್ನೆ ನಡೆಯುತ್ತಿದ್ದ ಬಳಕೆದಾರರ ಪ್ರೋಗ್ರಾಂ ಹೊಸ ಕರ್ನಲ್ ಬಂದ ಕಾರಣಕ್ಕೆ ಇಂದು ನಿಲ್ಲಬಾರದು. ನಿಂತರೆ ತಪ್ಪು ಕರ್ನಲ್‌ನದು, ಪ್ರೋಗ್ರಾಮಿನದಲ್ಲ. ಒಳಗಿನ ಗೋಡೆ ಎಷ್ಟು ಬೇಕಾದರೂ ಒಡೆಯಿರಿ, ಬಾಗಿಲು ಇದ್ದಲ್ಲೇ ಇರಲಿ ಎಂಬ ಕರಾರು ಇದು. ಆದರೆ ಈ ಕರಾರು ಕರ್ನಲ್‌ನ ಒಳಮನೆಗೆ ಅನ್ವಯಿಸುವುದಿಲ್ಲ. ಹೊರಗಿನಿಂದ ತಂದು ಕರ್ನಲ್‌ಗೆ ಜೋಡಿಸಿದ ವೈಫೈ ಡ್ರೈವರಿನಂಥವು ಹೊಸ ಆವೃತ್ತಿಯಲ್ಲಿ ನಿಲ್ಲಬಹುದು. ಆದ್ದರಿಂದ ಮೊದಲು ಒಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಿ.

ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹೊಸ ಕರ್ನಲ್ ಹಾಕಿದರೆ ಕನ್ನಡದ ಒತ್ತಕ್ಷರ, ಉರ್ದುವಿನ ನಸ್ತಾಲೀಖ್ ಚೆನ್ನಾಗಿ ಕಾಣುತ್ತವೆಯೇ? ಇಲ್ಲ. ಅದು ಕರ್ನಲ್‌ನ ಕೆಲಸವಲ್ಲ. ಅದಕ್ಕೆ ಒಳ್ಳೆಯ ಫಾಂಟ್ ಬೇಕು, ಅಕ್ಷರ ಜೋಡಿಸುವ ತಂತ್ರಾಂಶ ಬೇಕು. ಯಾವುದು ಯಾರ ಕೆಲಸ ಎಂದು ತಿಳಿದಿದ್ದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ನಮ್ಮ ಹನ್ನೆರಡು ಕಂಪ್ಯೂಟರುಗಳ ಪ್ರಶ್ನೆ ಉಳಿಯಿತು. ರಿಪೇರಿಯವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು, ಆದರೆ ಅವರು ಕೊಟ್ಟ ಕಾರಣ ತಪ್ಪು. ಕೇಳಬೇಕಾದದ್ದು ಅಂಕಿ 5ೋ 6ೋ ಎಂದಲ್ಲ, ಪ್ರೊಸೆಸರ್ 32 ಬಿಟ್ಟಿನದೋ 64 ಬಿಟ್ಟಿನದೋ ಎಂದು. ನಾವು ಬರಿಯ ಕರ್ನಲ್ ಬಳಸುವುದಿಲ್ಲ. ಡೆಬಿಯನ್, ಉಬುಂಟುವಿನಂಥ ಬಳಗಗಳು ಅದರ ಜೊತೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ ಕೊಟ್ಟದ್ದನ್ನು ಬಳಸುತ್ತೇವೆ. ಹಳೆಯ 32 ಬಿಟ್ ಕಂಪ್ಯೂಟರುಗಳನ್ನು ಕೈಬಿಡುತ್ತಿರುವವರು ಮುಖ್ಯವಾಗಿ ಇವರು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಕಂಪ್ಯೂಟರುಗಳಿಗೆ ಇನ್‌ಸ್ಟಾಲರ್ ಇಲ್ಲ. ಆದರೆ 2006ರಲ್ಲಿ ಬಂದ ಕೋರ್ 2 ಡುವೊ ಕೂಡ 64 ಬಿಟ್ಟಿನದೇ.

ನಾವೇ ಕುಳಿತು ನೋಡಿದೆವು. ಟರ್ಮಿನಲ್‌ನಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಸಣ್ಣ ಅಕ್ಷರ ಒತ್ತಿದರೆ ಪ್ರೊಸೆಸರಿನ ಜಾತಕವೇ ಬರುತ್ತದೆ. ಪ್ರಶ್ನೆ ಕೇಳಿದ ಹುಡುಗಿಯೇ ಪಟ್ಟಿ ಬರೆದಳು. ಹನ್ನೆರಡರಲ್ಲಿ ಒಂಬತ್ತು 64 ಬಿಟ್ಟಿನವು, ಮೂರು ಮಾತ್ರ 32 ಬಿಟ್ಟಿನವು. ಒಂಬತ್ತಕ್ಕೆ ದೀರ್ಘಕಾಲ ಬೆಂಬಲವಿರುವ ಕರ್ನಲ್ ಆವೃತ್ತಿ ಹಾಕಿದೆವು. ಭದ್ರತೆಯ ದೋಷಗಳಿಗೆ ವರ್ಷಗಳವರೆಗೆ ತಿದ್ದುಪಡಿ ಬರುವುದು ಇಂಥ ಆವೃತ್ತಿಗಳಿಗೇ. ಹೊಸ ಕರ್ನಲ್ ಹಾಕಿಕೊಳ್ಳಲು ನಿಜವಾದ ಕಾರಣವೂ ಈ ತಿದ್ದುಪಡಿಗಳೇ. ಮೂರು ಕಂಪ್ಯೂಟರುಗಳನ್ನು ಬಿಚ್ಚಿ ಮಕ್ಕಳಿಗೆ ಒಳಭಾಗ ತೋರಿಸಲು ಇಟ್ಟುಕೊಂಡಿದ್ದೇವೆ. ಗುಜರಿಗೆ ಒಂದೂ ಹೋಗಲಿಲ್ಲ.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಹಳೆಯದು ಎಂದು ಯಾರೋ ಹೇಳಿದ ಕೂಡಲೇ ಬಿಸಾಡಬೇಡಿ, ಹೊಸದು ಎಂದು ಹೇಳಿದ ಕೂಡಲೇ ಕೊಳ್ಳಬೇಡಿ. ಏನು ಬದಲಾಗಿದೆ ಎಂದು ಒಮ್ಮೆ ಕೇಳಿ. ವಿದ್ಯಾರ್ಥಿಗಳೇ, ಈ ಕರ್ನಲ್‌ನ ಮೂಲ ಬರಹ ಯಾರು ಬೇಕಾದರೂ ಓದುವಂತೆ ತೆರೆದಿದೆ. ಅದನ್ನು ಓದಲು ಶುಲ್ಕವಿಲ್ಲ, ತಿದ್ದಿ ಕಳುಹಿಸಲು ಯಾರ ಶಿಫಾರಸೂ ಬೇಡ, ತಿದ್ದಿದ್ದು ಸರಿಯಾಗಿದ್ದರೆ ಸಾಕು. ಅದನ್ನು ಆರಂಭಿಸಿದವರೂ ಒಬ್ಬ ವಿದ್ಯಾರ್ಥಿಯೇ. ಬಳಸುವವರಾಗಿಯಷ್ಟೇ ಉಳಿಯಬೇಡಿ, ಒಳಗೆ ಇಣುಕಿ ನೋಡಿ. ಟೀಚರಿಗೆ ಗೊತ್ತಿಲ್ಲದ ಪ್ರಶ್ನೆ ಕೇಳಲು ಹೆದರಬೇಡಿ. ಅಂಥ ಒಂದು ಪ್ರಶ್ನೆಯಿಂದಲೇ ಒಂಬತ್ತು ಕಂಪ್ಯೂಟರುಗಳು ಇಂದು ನಿಮ್ಮ ಕೊಠಡಿಯಲ್ಲಿ ಉಳಿದಿವೆ.