ನೀರು ಇಳಿದ ಮೇಲೆ



ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ಕ್ಷಮಿಸಿ, ನಾನು ಹೊಳೆಯ ಬಗ್ಗೆ ಮಾತಾಡುತ್ತೇನೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ನಮ್ಮ ಮನೆಯೊಳಗೆ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ನೀರು ಇಳಿದ ಮೇಲೆ ಬಂದೆ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿ ನೋಡಿ ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು. ನಮ್ಮದು ಹಿಂದಿನ ಗೋಡೆ ಮಾತ್ರ ಕುಸಿದಿತ್ತು. ದನದ ಕೊಟ್ಟಿಗೆ ಹೋದ ವರ್ಷವೇ ಬಿದ್ದದ್ದು. ಅದಕ್ಕೂ ಕೆಸರು ಮೆತ್ತಿತ್ತಲ್ಲ, ಅದರ ಫೋಟೊವನ್ನೂ ಸೇರಿಸಿದೆ. ಅಪ್ಪ ನೋಡಿದರು. "ಇದು ಹೊಳಿ ಕೆಡವಿದ್ದಲ್ಲ. ತೆಗಿ" ಎಂದರು. ಮೂರು ಮನೆ ಆಚೆ ಒಬ್ಬ ಅಜ್ಜಿಯ ಮನೆ ನೆಲಸಮವಾಗಿತ್ತು, ಹಕ್ಕುಪತ್ರವೂ ನೀರುಪಾಲು. "ಮೊದಲು ಆಕೀ ಅರ್ಜಿ ಬರಿ" ಎಂದು ಕಳಿಸಿದರು. ಬಿ.ಇ. ಓದಿದ ನನಗೆ ಅಂದು ಮುಖ ಎತ್ತಲಾಗಲಿಲ್ಲ.

ಪರಿಹಾರದ ಮಾತು ಬೇರೆ, ವಿಮೆಯ ಮಾತು ಬೇರೆ. 2021ರ ಏಪ್ರಿಲ್‌ನಲ್ಲಿ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಪ್ರವಾಹವೂ ಸೇರಿದೆ. ಮಣ್ಣಿನ ಮನೆಗೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಅದೂ ಮಳೆಗಾಲಕ್ಕೆ ಮುಂಚೆ. ನೆರೆ ಬಂದರೆ ಕಂಪನಿಗೆ ಕೂಡಲೇ ತಿಳಿಸಿ. ಸರ್ವೇಯರ್ ನೋಡುವ ತನಕ ಹಾಳಾದ ಸಾಮಾನು ಎಸೆಯಬೇಡಿ. ಮುಳುಗಿದ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಇಲ್ಲದ ಒಂದು ಟಿ.ವಿ. ಸೇರಿಸಿದರೂ ಇಡೀ ಕ್ಲೇಮ್ ತಿರಸ್ಕಾರವಾಗಬಹುದು.

ಮಕ್ಕಳೇ, ಇಂದು ಮನೆಗೆ ಹೋಗಿ ಟ್ರಂಕ್ ತೆಗೆಸಿ. ಕಾಗದಪತ್ರ, ಕೋಣೆಗಳ ಫೋಟೊ ತೆಗೆದು ಬೇರೆ ಊರಿನ ಮಾವನ ಮೊಬೈಲಿಗೂ ಕಳಿಸಿಡಿ. ನಮ್ಮ ಕೆಲಸದಲ್ಲಿ ಅದಕ್ಕೆ ಬ್ಯಾಕಪ್ ಅನ್ನುತ್ತೇವೆ.